ಶವರ್‌ನಲ್ಲಿ ಫೋರ್ಸ್ ಇಲ್ವಾ? ಮೊದಲು ಬಕೆಟ್ ಇಡಿ

ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಬಾಡಿಗೆ ಮನೆ ಇರುವುದು ಎರಡನೇ ಮಹಡಿಯಲ್ಲಿ. ಅದರ ಮೇಲೆ ತಾರಸಿ, ತಾರಸಿಯ ಮೇಲೆ ಟ್ಯಾಂಕ್. ಶವರ್ ತಿರುಗಿಸಿದರೆ ನೀರು ನೂಲಿನಂತೆ ಇಳಿಯುತ್ತಿತ್ತು. ತಲೆಗೆ ಹಾಕಿದ ಸೀಗೆಪುಡಿ ಹೋಗಬೇಕಾದರೆ ಕೊನೆಗೆ ಚೊಂಬನ್ನೇ ಹಿಡಿಯಬೇಕು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಪ್ರೆಷರ್ ಪಂಪ್ ಹಾಕಿಸಿಬಿಡಿ.’

ಪಂಪ್ ಬೇಕಾಗಲಿಲ್ಲ. ತೊಂದರೆ ಇದ್ದದ್ದು ತಾರಸಿಯ ಒಂದು ಹಳೇ ವಾಲ್ವ್‌ನಲ್ಲಿ. ಅದನ್ನು ಹುಡುಕಲು ಬೇಕಾಗಿದ್ದು ಒಂದು ಬಕೆಟ್, ಒಂದು ಮೊಬೈಲ್ ಗಡಿಯಾರ.

ಬೀದಿ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ಅದಕ್ಕೇ ಶವರ್ ಹೀಗೆ ಎಂದು ಹಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಅದನ್ನು ಊರಿಗೆ ಏರಿಸುತ್ತಾರೆ. ಆದರೆ ನಿಮ್ಮ ಮನೆಯ ಸಂಪ್‌ಗೆ, ಅಂದರೆ ನೆಲದೊಳಗಿನ ತೊಟ್ಟಿಗೆ, ಬಿದ್ದ ಕ್ಷಣ ಆ ಒತ್ತಡವೆಲ್ಲ ಮುಗಿಯಿತು. ಆಮೇಲೆ ಮೋಟರ್ ಅದನ್ನು ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಶವರ್‌ಗೆ ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ನಾವು ಹುಡುಕಬೇಕಾದ ಜಾಗ ಟ್ಯಾಂಕಿನಿಂದ ಶವರ್‌ವರೆಗೆ, ಅಷ್ಟೇ.

ಬಕೆಟ್ ಪರೀಕ್ಷೆ

10 ಲೀಟರ್ ಬಕೆಟ್ ತೆಗೆದುಕೊಳ್ಳಿ. ಅದನ್ನು ಶವರ್ ಕೆಳಗೆ ಇಟ್ಟು, ತಣ್ಣೀರನ್ನು ಮಾತ್ರ ತಿರುಗಿಸಿ, ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಆಮೇಲೆ ಶವರ್ ತಲೆಯನ್ನು ಬಿಚ್ಚಿ, ಬರೀ ಪೈಪಿನಿಂದ ಇನ್ನೊಮ್ಮೆ ತುಂಬಿಸಿ.

ತಲೆ ಇದ್ದಾಗ 3 ನಿಮಿಷ, ಬಿಚ್ಚಿದಾಗ 1 ನಿಮಿಷ ಆಯಿತೇ? ತಪ್ಪು ಶವರ್ ತಲೆಯದ್ದು. ಎರಡೂ ಸಲ ನಿಧಾನವೇ ಆದರೆ ಅಡಚಣೆ ಇನ್ನೂ ಹಿಂದಿದೆ. ಈಗ ಇದನ್ನೇ ಬಿಸಿನೀರಿನಲ್ಲಿ ಮಾಡಿ. ಬಿಸಿನೀರು ಮಾತ್ರ ನಿಧಾನ ಎಂದಾದರೆ ಗೀಸರ್ ದಾರಿಯಲ್ಲಿ ಹುಡುಕಬೇಕು. ಹಾಗೆಯೇ ಅಡುಗೆಮನೆ ನಲ್ಲಿಯನ್ನೂ ಒಮ್ಮೆ ತಿರುಗಿಸಿ ನೋಡಿ, ಕೆಳಗಿನ ಮನೆಯವರನ್ನೂ ಕೇಳಿ. ಅಳತೆಗೆ ಬಳಸಿದ ನೀರನ್ನು ಚೆಲ್ಲಬೇಡಿ, ಬಟ್ಟೆಗೋ ನೆಲ ಒರೆಸಲೋ ಆಗುತ್ತದೆ.

ಶವರ್ ತಲೆ

ಬೋರ್ ನೀರು, ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಮೊದಲು ಇಲ್ಲೇ ನೋಡಿ. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ವಾ, ಅದೇ ಪೊರೆ ಶವರ್‌ನ ತೂತುಗಳನ್ನೂ ಮುಚ್ಚುತ್ತದೆ. ಕಾವೇರಿ ನೀರಿನ ಮನೆಗಳಲ್ಲಿ ಇದು ಕಡಿಮೆ.

ತೂತಿನ ಸುತ್ತ ರಬ್ಬರ್ ಮೊಗ್ಗುಗಳಿದ್ದರೆ ನೀರು ಬಿಟ್ಟುಕೊಂಡು ಹೆಬ್ಬೆರಳಿನಿಂದ ಉಜ್ಜಿ. ಅರ್ಧ ಪೊರೆ ಅಲ್ಲೇ ಉದುರುತ್ತದೆ. ಉಳಿದದ್ದಕ್ಕೆ ಬಿಳಿ ವಿನೆಗರ್ ಸಾಕು. ಒಂದು ಪ್ಲಾಸ್ಟಿಕ್ ಕವರ್‌ಗೆ ವಿನೆಗರ್ ಸುರಿದು, ಶವರ್ ತಲೆ ಮುಳುಗುವಂತೆ ಕಟ್ಟಿ, ಒಂದೆರಡು ಗಂಟೆ ಬಿಡಿ. ಕಪ್ಪು ಅಥವಾ ಬಂಗಾರದ ಬಣ್ಣದ ಲೇಪ ಇದ್ದರೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಖಂಡಿತ ಹಾಕಬೇಡಿ. ಹೊಳಪು ಎದ್ದುಹೋಗುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದರ ಹೊಗೆಯೂ ಅಪಾಯ.

ತಲೆ ಬಿಚ್ಚಿದಾಗ ಅದರ ಕತ್ತಿನೊಳಗೆ ಒಂದು ಪುಟ್ಟ ಜಾಲರಿ ಕಾಣುತ್ತದೆ. ಮರಳು, ಪೈಪಿನ ಚೂರು, ತುಕ್ಕು ಎಲ್ಲ ಬಂದು ಕೂರುವುದು ಅಲ್ಲಿ. ಟ್ಯಾಂಕ್ ತೊಳೆಸಿದ ಮಾರನೇ ದಿನವೇ ಫೋರ್ಸ್ ಕಡಿಮೆಯಾದರೆ ನೇರ ಇಲ್ಲಿಗೇ ಬನ್ನಿ. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ. ಮತ್ತೆ ಕೂರಿಸುವಾಗ ಪೈಪಿನ ತುದಿಯ ತಿರುಪಿನ ಗೆರೆಗಳಿಗೆ ಟೆಫ್ಲಾನ್ ಟೇಪನ್ನು ಐದಾರು ಸುತ್ತು, ತಲೆ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿ. ಸ್ಪ್ಯಾನರ್ ಹಾಕುವುದಾದರೆ ನಡುವೆ ಬಟ್ಟೆ ಇಡಿ.

ಅಂಗಡಿಯಲ್ಲಿ ನೋಡಲು ಚೆಂದ ಎಂದು ಊಟದ ತಟ್ಟೆಯಷ್ಟು ಅಗಲದ ರೇನ್ ಶವರ್ ತರುತ್ತೇವೆ. ಮೇಲಿನ ಮಹಡಿಯ ಮನೆಗೆ ಅದು ಹೊಂದುವುದಿಲ್ಲ. ಇರುವ ಸ್ವಲ್ಪ ನೀರು ನೂರಾರು ತೂತುಗಳಿಗೆ ಹಂಚಿಹೋಗಿ ಹನಿಯಾಗಿ ಬೀಳುತ್ತದೆ. ಅಂಗೈ ಅಗಲದ ಚಿಕ್ಕ ಶವರ್ ಹಾಕಿ ನೋಡಿ, ಅದೇ ನೀರು ಮೈಗೆ ತಾಕುವಂತೆ ಬರುತ್ತದೆ.

ಗೀಸರ್, ಮಿಕ್ಸರ್

ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಕೆಳಗಿನ ಆಂಗಲ್ ಕಾಕ್, ಅಂದರೆ ಗೋಡೆಯಲ್ಲಿರುವ ಪುಟ್ಟ ವಾಲ್ವ್, ಪೂರ್ತಿ ತೆರೆದಿದೆಯೇ ನೋಡಿ. ರಿಪೇರಿಗೆ ಬಂದವರು ಅರ್ಧ ಮುಚ್ಚಿ ಹಾಗೇ ಹೋಗಿರುವುದು ಉಂಟು. ಅದು ಸರಿ ಇದ್ದರೆ ಒಳಗೆ ಪೊರೆ ಕಟ್ಟಿರಬಹುದು, ಇಲ್ಲವೇ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಸಿಕ್ಕಿಕೊಂಡಿರಬಹುದು. ಇವೆರಡೂ ಮೆಕ್ಯಾನಿಕ್ ಕೆಲಸ. ಗೀಸರ್‌ನ ಸೇಫ್ಟಿ ವಾಲ್ವ್ ಅನ್ನು ನೀವಾಗಿ ಬಿಚ್ಚಬೇಡಿ, ಅದರ ಬಾಯಿ ಕಟ್ಟಲೂ ಬೇಡಿ.

ಬಿಸಿನೀರು, ತಣ್ಣೀರು ಬೆರೆಸುವ ಗೋಡೆಯ ಮಿಕ್ಸರ್‌ನೊಳಗೆ ನೀರಿನ ಹರಿವನ್ನು ಹಿಡಿದಿಡುವ ಕಾರ್ಟ್ರಿಜ್‌ನಲ್ಲಿ ಕಸ ಸಿಕ್ಕಿದರೆ ಬಿಸಿನೀರು, ತಣ್ಣೀರು ಎರಡೂ ಸೊರಗುತ್ತವೆ. ಕೆಳಗಿನ ನಲ್ಲಿಯಲ್ಲಿ ಜೋರು, ಶವರ್ ತಲೆ ಬಿಚ್ಚಿ ಶವರ್‌ಗೆ ತಿರುಗಿಸಿದರೂ ಮಂದ ಎಂದಾದರೆ ನೀರನ್ನು ನಲ್ಲಿಯಿಂದ ಶವರ್‌ಗೆ ತಿರುಗಿಸುವ ಡೈವರ್ಟರ್ ಸವೆದಿರಬಹುದು.

ತಾರಸಿಗೆ ಹತ್ತಿ

ಮನೆಯ ಎಲ್ಲ ನಲ್ಲಿಯೂ ಮಂದವೇ? ಹಾಗಾದರೆ ಟ್ಯಾಂಕಿನ ಹತ್ತಿರ ಹೋಗಿ. ನೀರಿನ ಮಟ್ಟ ನೋಡಿ, ತಳದ ಕೆಸರು ನೋಡಿ. ಆಮೇಲೆ ನಿಮ್ಮ ಮನೆಗೆ ಇಳಿಯುವ ಪೈಪಿನ ವಾಲ್ವ್.

ನಮ್ಮಲ್ಲಿ ಇದ್ದದ್ದು ಚಕ್ರ ತಿರುಗಿಸುವ ಹಳೇ ಗೇಟ್ ವಾಲ್ವ್. ಚಕ್ರ ಸರಾಗವಾಗಿ ತಿರುಗುತ್ತಿತ್ತು, ಪೂರ್ತಿ ತೆರೆದಂತೆಯೇ ಕಾಣುತ್ತಿತ್ತು. ಆದರೆ ಒಳಗಿನ ತಟ್ಟೆ ದಂಡದಿಂದ ಕಳಚಿ, ಅರ್ಧ ದಾರಿಗೆ ಅಡ್ಡ ಬಿದ್ದಿತ್ತು. ಹೊರಗಿನಿಂದ ಅದು ಯಾರಿಗೂ ಕಾಣುವಂಥದ್ದಲ್ಲ. ಅದನ್ನು ತೆಗೆದು ಲಿವರ್ ಇರುವ ಬಾಲ್ ವಾಲ್ವ್ ಹಾಕಿಸಿದೆವು. ಇದರಲ್ಲಿ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಅನುಮಾನಕ್ಕೆ ಜಾಗವೇ ಇಲ್ಲ.

ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಟ್ಯಾಂಕ್ ಆಗಾಗ ಪೂರ್ತಿ ಬರಿದಾಗುತ್ತದೆ. ಆಗ ಪೈಪಿಗೆ ಗಾಳಿ ಹೊಕ್ಕು ಸಿಕ್ಕಿಕೊಳ್ಳುತ್ತದೆ. ನಲ್ಲಿ ಗೊರಗೊರ ಸದ್ದು ಮಾಡಿ, ಬಿಟ್ಟು ಬಿಟ್ಟು ನೀರು ಬಂದರೆ ಅದೇ. ಟ್ಯಾಂಕ್ ತುಂಬಿಸಿ, ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿಗಳನ್ನು ಪೂರ್ತಿ ತೆರೆದು, ಬಕೆಟ್ ಇಟ್ಟು, ಸದ್ದು ನಿಲ್ಲುವವರೆಗೆ ಬಿಡಿ. ಇಳಿಯುವ ಪೈಪಿನಿಂದ ಕವಲೊಡೆದು ಟ್ಯಾಂಕಿಗಿಂತ ಎತ್ತರಕ್ಕೆ ನಿಂತಿರುವ ಬಾಯಿ ತೆರೆದ ಏರ್ ಪೈಪ್ ಇದೆಯೇ ನೋಡಿ. ಅದು ಮುಚ್ಚಿಹೋಗಿದ್ದರೆ ಗಾಳಿ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತದೆ.

ಬಸವನಗುಡಿ, ಮಲ್ಲೇಶ್ವರದ ಕಡೆಯ ಹಳೇ ಮನೆಗಳಲ್ಲಿ ಇನ್ನೂ ಜಿಐ (ಸತುವಿನ ಲೇಪದ ಕಬ್ಬಿಣದ) ಪೈಪ್ ಇದ್ದರೆ, ಬೆಳಗ್ಗೆ ಮೊದಲ ನೀರು ಕಂದು ಬಣ್ಣಕ್ಕೆ ಬಂದರೆ, ಪೈಪಿನ ಒಳಗೆ ತುಕ್ಕು ದಪ್ಪಗಾಗಿದೆ. ಇದಕ್ಕೆ ಪೈಪ್ ಬದಲಿಸುವುದೊಂದೇ ದಾರಿ.

ಎಲ್ಲ ಸರಿ ಇದ್ದೂ ಫೋರ್ಸ್ ಇಲ್ಲವಾದರೆ

ಆಗ ಎತ್ತರದ ಲೆಕ್ಕ ಹಾಕಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಮೇಲಿನ ಮಹಡಿಯಲ್ಲಿ ಟ್ಯಾಂಕಿನ ತಳಕ್ಕೂ ಶವರ್‌ಗೂ ನಡುವೆ 2 ಮೀಟರ್ ಇದ್ದರೆ ಸಿಗುವುದು 0.2 ಬಾರ್ ಮಾತ್ರ. ಎರಡು ಮಹಡಿ ಕೆಳಗೆ ನೆಲಮಹಡಿಯವರಿಗೆ ಅದೇ ಟ್ಯಾಂಕಿನಿಂದ 0.8 ಬಾರ್ ಸಿಗುತ್ತದೆ. ಕೆಳಗಿನವರಿಗೆ ಜೋರು, ನಮಗೆ ಮಾತ್ರ ಹೀಗೆ ಎಂಬ ಬೇಸರಕ್ಕೆ ಕಾರಣ ಇದೇ.

ಇಲ್ಲಿ ನನ್ನ ಸಲಹೆ, ಮೊದಲು ಪೈಪ್ ದಪ್ಪ ಮಾಡಿಸಿ. 1 ಇಂಚಿನ ಪೈಪಿನ ಬಾಯಿ ಅರ್ಧ ಇಂಚಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಟ್ಯಾಂಕಿನಿಂದ ಬಚ್ಚಲಿನವರೆಗೆ ದಪ್ಪ ಪೈಪ್ ಇದ್ದರೆ ದಾರಿಯಲ್ಲಿ ಒತ್ತಡ ಅಷ್ಟಾಗಿ ಸೋರಿಹೋಗುವುದಿಲ್ಲ. ಟ್ಯಾಂಕನ್ನು ಎತ್ತರದ ಸ್ಟ್ಯಾಂಡ್ ಮೇಲೆ ಇಡುವುದೂ ಒಳ್ಳೆಯದೇ. ಆದರೆ 1000 ಲೀಟರ್ ನೀರೆಂದರೆ 1 ಟನ್ ಭಾರ. ತಾರಸಿ ಅದನ್ನು ಎಲ್ಲಿ ತಾಳುತ್ತದೆ ಎಂದು ಎಂಜಿನಿಯರ್ ಒಬ್ಬರನ್ನು ಕೇಳಿಯೇ ಇಡಿ.

ಇಷ್ಟಾದ ಮೇಲೂ ಪಂಪ್ ಬೇಕೆಂದರೆ ಹಾಕಿಸಿ, ಆದರೆ ಟ್ಯಾಂಕಿನ ನಂತರದ ಪೈಪಿಗೆ. ಜಲಮಂಡಳಿಯ ಬೀದಿ ಲೈನಿಗೆ ನೇರ ಮೋಟರ್ ಹಾಕುವುದು ಕಾನೂನಿಗೆ ವಿರುದ್ಧ. ಅದು ಪಕ್ಕದ ಮನೆಯವರ ನೀರನ್ನು ಎಳೆದುಕೊಳ್ಳುತ್ತದೆ, ಸೋರುವ ಜಾಯಿಂಟ್‌ಗಳಿಂದ ಕೊಳಕನ್ನೂ ಒಳಗೆ ಎಳೆಯುತ್ತದೆ. ಪಂಪ್ ತರುವ ಮುಂಚೆ ಗೀಸರ್ ಮೇಲೆ ಬರೆದಿರುವ ಗರಿಷ್ಠ ಒತ್ತಡ ಎಷ್ಟು ಬಾರ್ ಎಂದು ಓದಿಕೊಂಡು, ಅಂಗಡಿಯವರಿಗೆ ಹೇಳಿ. ಇನ್ನೊಂದು, ಪಂಪ್ ಆದ ಮೇಲಿನ ಪೈಪಿನಲ್ಲಿ ಬಾಯಿ ತೆರೆದ ಏರ್ ಪೈಪ್ ಉಳಿದಿದ್ದರೆ ನೀರೆಲ್ಲ ಅಲ್ಲಿಂದ ತಾರಸಿಗೆ ಚಿಮ್ಮುತ್ತದೆ. ಕೆಲಸಕ್ಕೆ ಬಂದವರು ಹೋಗುವ ಮೊದಲೇ ಪಂಪ್ ಆನ್ ಮಾಡಿಸಿ, ತಾರಸಿಗೆ ಹತ್ತಿ, ಅದನ್ನು ಕಣ್ಣಾರೆ ನೋಡಿಕೊಳ್ಳಿ.