ಪಿಕಪ್ ಗಾಡಿಗೆ ಕಳ್ಳರಿಂದ ಕಾವಲು: ಎಲ್ಲಿಂದ ಶುರು ಮಾಡಬೇಕು?

ಲೋಡ್ ಇಳಿಸುವಾಗ ಎಂಜಿನ್ ಆನ್ ಇಟ್ಟು, ಕೀ ಅಲ್ಲೇ ಬಿಟ್ಟು ಕೆಳಗಿಳಿಯುವ ಅಭ್ಯಾಸ ಪಿಕಪ್ ಓಡಿಸುವ ಬಹಳ ಮಂದಿಗೆ ಇದೆ. ಎರಡೇ ನಿಮಿಷದ ಕೆಲಸ, ಗಾಡಿ ಕಣ್ಣೆದುರಿಗೇ ಇದೆ ಅನ್ನುವ ಧೈರ್ಯ. ಆದರೆ ಹೆಗಲ ಮೇಲೆ ಮೂಟೆ ಇರುವಾಗ ಡ್ರೈವರ್ ಸೀಟಿಗೆ ಯಾರೋ ಹತ್ತಿ ಕೂತರೆ ಏನು ಮಾಡುತ್ತೀರಿ? ಮೂಟೆ ಕೆಳಗಿಡುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತದೆ. ಹಾಗಾಗಿ ಲಾಕು, ಜಿಪಿಎಸ್ಸು ಎಲ್ಲಕ್ಕಿಂತ ಮೊದಲು ಈ ಅಭ್ಯಾಸ ಬಿಡಿ. ಇಳಿದಿರಾ, ಎಂಜಿನ್ ಆಫ್, ಕೀ ಜೇಬಿಗೆ, ಬಾಗಿಲು ಲಾಕ್. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬಂಪರ್ ಹಿಂದೆ, ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗೆ ಸ್ಪೇರ್ ಕೀ ಅಂಟಿಸಿಡುವುದನ್ನೂ ನಿಲ್ಲಿಸಿ. ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ.

ಇನ್ನು ಬೀಗದ ವಿಷಯಕ್ಕೆ ಬರೋಣ. ಯಾವ ಬೀಗವೂ ಗಾಡಿಯನ್ನು ಶಾಶ್ವತವಾಗಿ ಕಾಯುವುದಿಲ್ಲ. ಅದು ಮಾಡುವುದು ಒಂದೇ ಕೆಲಸ, ಕಳ್ಳನ ಸಮಯ ತಿನ್ನುವುದು. ಅವನಿಗೆ ಅವಸರ ಜಾಸ್ತಿ. ಒಂದು ತಡೆ ದಾಟಿದರೆ ಇನ್ನೊಂದು ಎದುರಾಗಬೇಕು, ಅದೂ ಬೇರೆ ಥರದ್ದು. ಒಂದೇ ದುಬಾರಿ ಬೀಗ ನಂಬಿ ಕೂರುವುದಕ್ಕಿಂತ ಇದು ಒಳ್ಳೆಯದು.

ಮೊದಲ ತಡೆ ಕಣ್ಣಿಗೆ ಕಾಣಬೇಕು. ಸ್ಟೇರಿಂಗ್‌ಗೆ ಅಡ್ಡ ಹಾಕುವ ಲಾಕ್ ಕಿಟಕಿಯಿಂದಲೇ ಕಾಣುತ್ತದೆ, ಬಣ್ಣ ಎದ್ದು ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಆದರೆ ಅದಕ್ಕೊಂದು ದೋಷ ಇದೆ. ಲಾಕ್ ಗಟ್ಟಿಯಾಗಿದ್ದರೂ ಸ್ಟೇರಿಂಗ್ ಚಕ್ರ ಅಷ್ಟು ಗಟ್ಟಿ ಇರುವುದಿಲ್ಲ. ಚಕ್ರವನ್ನೇ ಗರಗಸದಲ್ಲಿ ಕೊಯ್ದು ಲಾಕ್ ಬಿಡಿಸಿಕೊಳ್ಳುತ್ತಾರೆ. ಅದಕ್ಕೇ ನನ್ನ ಮತ ಗೇರ್ ಲಾಕ್‌ಗೆ. ಅದನ್ನು ಗಾಡಿಯ ಫ್ಲೋರಿಗೇ ಬೋಲ್ಟ್ ಹಾಕಿ ಕೂರಿಸುತ್ತಾರೆ. ರಿವರ್ಸ್‌ನಲ್ಲಿ ಹಾಕಿ ಲಾಕ್ ಮಾಡಿದರೆ ಗಾಡಿಯನ್ನು ಸುಮ್ನೆ ತಳ್ಳಿಕೊಂಡು ಹೋಗುವುದೂ ಕಷ್ಟ.

ಗುಟ್ಟಿನ ಸ್ವಿಚ್

ಎರಡನೆಯ ತಡೆ ಕಣ್ಣಿಗೆ ಕಾಣಬಾರದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಕೀ ತಿರುಗಿಸಿದಾಗ, ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ರಿಲೇಗೆ ಒಂದು ಸಣ್ಣ ವೈರ್‌ನಲ್ಲಿ ಕರೆಂಟ್ ಹೋಗುತ್ತದೆ. ಆ ವೈರ್ ನಡುವೆ ಒಂದು ಸ್ವಿಚ್ ಹಾಕಿಸುವುದು, ಅಷ್ಟೇ. ಸ್ವಿಚ್ ಆಫ್ ಇದ್ದರೆ ಕೀ ತಿರುಗಿಸಿದರೂ ಸೆಲ್ಫ್ ಎತ್ತುವುದಿಲ್ಲ. ಡ್ಯಾಶ್‌ಬೋರ್ಡ್ ಲೈಟ್ ಎಲ್ಲ ಉರಿಯುತ್ತವೆ, ಎಂಜಿನ್ ಮಾತ್ರ ಮೌನ. ಕಳ್ಳನಿಗೆ ಗಾಡಿ ಕೆಟ್ಟಿದೆ ಅನ್ನಿಸುತ್ತದೆ.

ಫ್ಯೂಯಲ್ ಪಂಪ್ ಲೈನಿಗೂ ಹೀಗೆ ಸ್ವಿಚ್ ಹಾಕಬಹುದು. ಆದರೆ ಓಡುತ್ತಿರುವಾಗ ಆ ಸ್ವಿಚ್ ಸಡಿಲವಾದರೆ ಎಂಜಿನ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ಲೋಡ್ ತುಂಬಿದ ಗಾಡಿಗೆ ಅದು ಅಪಾಯ. ಸೆಲ್ಫ್ ಲೈನಿನದ್ದು ಕೆಟ್ಟರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ ತೊಂದರೆ. ಮ್ಯಾನುಯಲ್ ಗೇರಿನ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಹುದಲ್ವಾ ಎಂದು ಕೇಳಬಹುದು. ಹೌದು, ಮಾಡಬಹುದು. ಆದ್ದರಿಂದಲೇ ಜೊತೆಗೆ ಗೇರ್ ಲಾಕ್ ಬೇಕು. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿ ಇರುವವರಿಗೆ ಇದು ಇನ್ನೂ ಮುಖ್ಯ. ಅಂಥ ಕೆಲವು ಎಂಜಿನ್‌ಗಳು ಬ್ಯಾಟರಿ ಕಿತ್ತರೂ ತಳ್ಳಿದರೆ ಸ್ಟಾರ್ಟ್ ಆಗುತ್ತವೆ.

ಇದನ್ನು ನಂಬಿಕೆಯ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಗಾಡಿ ವಾರಂಟಿಯಲ್ಲಿದ್ದರೆ ವೈರ್ ಮುಟ್ಟುವ ಮುಂಚೆ ಕೇಳಿಕೊಳ್ಳಿ. ಸ್ವಿಚ್ ಸೀಟಿನಲ್ಲಿ ಕೂತಾಗ ಕೈಗೆ ಸಿಗಬೇಕು, ಹುಡುಕುವ ಕಣ್ಣಿಗೆ ಸಿಗಬಾರದು. ಸ್ಟೇರಿಂಗ್ ಕೆಳಗೆ ಬೇಡ, ಅಲ್ಲಿ ಎಲ್ಲರೂ ತಡಕಾಡುತ್ತಾರೆ. ಆಮೇಲೆ, ಕತ್ತಲಲ್ಲಿ ಒಮ್ಮೆ ಕೂತು ನೋಡದೆ ಬೆರಳಿನಿಂದ ಹುಡುಕಿ ಅಭ್ಯಾಸ ಮಾಡಿಕೊಳ್ಳಿ. ಗೆಳೆಯರಿಗೆ ತೋರಿಸಬೇಡಿ.

ಬಟನ್ ಸ್ಟಾರ್ಟ್ ಗಾಡಿಗಳು

ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆಗೆಯುತ್ತದೆ, ಬಟನ್ ಒತ್ತಿದರೆ ಎಂಜಿನ್ ಶುರು. ಈ ಅನುಕೂಲವೇ ಕಳ್ಳರಿಗೆ ದಾರಿ. ಇಬ್ಬರು ಬರುತ್ತಾರೆ. ಒಬ್ಬ ಮನೆಯ ಬಾಗಿಲ ಬಳಿ ಒಂದು ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಗಾಡಿಯ ಹತ್ತಿರ. ಒಳಗೆ ಮೇಜಿನ ಮೇಲಿರುವ ಕೀಯ ಸಿಗ್ನಲ್ಲನ್ನು ಗಾಡಿಯವರೆಗೆ ದಾಟಿಸುತ್ತಾರೆ. ಕೀ ಪಕ್ಕದಲ್ಲೇ ಇದೆ ಎಂದು ಗಾಡಿ ನಂಬುತ್ತದೆ.

ಪರಿಹಾರ ಸುಲಭ. ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿ ಕೀ ಇಡಿ. ಚೀಲ ಕೆಲಸ ಮಾಡುತ್ತಿದೆಯೇ ಎಂದು ನೀವೇ ನೋಡಬಹುದು. ಕೀಯನ್ನು ಅದರೊಳಗೆ ಮುಚ್ಚಿ, ಗಾಡಿಯ ಪಕ್ಕ ನಿಂತು ಬಾಗಿಲು ಎಳೆಯಿರಿ. ತೆರೆದುಕೊಂಡರೆ ಆ ಚೀಲ ದಂಡ. ಮಡಿಕೆಯಲ್ಲಿ ಸವೆದರೆ ಸಿಗ್ನಲ್ ಸೋರುತ್ತದೆ, ಹಾಗಾಗಿ ಆಗಾಗ ಪರೀಕ್ಷಿಸಿ. ಸ್ಪೇರ್ ಕೀಗೂ ಇದೇ ಚೀಲ ಬೇಕು, ಮರೆಯಬೇಡಿ.

ಇನ್ನೊಂದು ವಿಧಾನ 2023ರಲ್ಲಿ ಬೆಳಕಿಗೆ ಬಂತು. ಹೆಡ್‌ಲೈಟ್ ಹಿಂದಿನ ವೈರ್‌ಗೆ ಯಂತ್ರ ಜೋಡಿಸಿ ಗಾಡಿಯ ಕಂಪ್ಯೂಟರಿಗೆ ಸುಳ್ಳು ಸಂದೇಶ ಕಳಿಸುತ್ತಾರೆ. ಇದಕ್ಕೆ ಚೀಲ ಏನೂ ಮಾಡಲಾರದು. ಬಂಪರ್ ಅಂಚು ಎಳೆದಂತಿದ್ದರೆ, ಹೆಡ್‌ಲೈಟ್ ವೈರ್ ಬಿಚ್ಚಿದ್ದರೆ ಯಾರೋ ತಾಗಿಸಿದರು ಎಂದು ಸುಮ್ಮನಾಗಬೇಡಿ. ಮೊದಲೊಮ್ಮೆ ಬಂದು ನೋಡಿ ಹೋಗಿರಬಹುದು. ಇಂಥ ಕಡೆಯೂ ಅಡ್ಡ ಬರುವುದು ಅದೇ ಹಳೆಯ ಗುಟ್ಟಿನ ಸ್ವಿಚ್, ಯಾಕೆಂದರೆ ಕಂಪ್ಯೂಟರಿಗೆ ಅದರ ಸುದ್ದಿಯೇ ಗೊತ್ತಿಲ್ಲ.

ಗಾಡಿ ಇದೆ, ಸ್ಟೆಪ್ನಿ ಇಲ್ಲ

ಪಿಕಪ್‌ನಲ್ಲಿ ಬಿಡಿಯಾಗಿ ಕದಿಯುವುದೂ ಬಹಳ. ಹಿಂದಿನ ಟೇಲ್‌ಗೇಟ್ ನೋಡಿ. ಬಹಳಷ್ಟು ಮಾದರಿಗಳಲ್ಲಿ ಅದನ್ನು ಅರ್ಧ ಇಳಿಸಿ, ಒಂದು ಬದಿ ಎತ್ತಿದರೆ ಹಿಂಜಿನಿಂದ ಕಳಚಿ ಕೈಗೆ ಬರುತ್ತದೆ. ಸ್ಪ್ಯಾನರೂ ಬೇಡ. ಹಾಗೆ ಕಳಚುವ ಹಿಂಜಿನ ಸುತ್ತ ಒಂದು ಹೋಸ್ ಕ್ಲಾಂಪ್ (ಪೈಪ್ ಬಿಗಿಯುವ ಲೋಹದ ಪಟ್ಟಿ) ಬಿಗಿಯಿರಿ, ಅದರ ಸ್ಕ್ರೂ ಒಳಮುಖವಾಗಿರಲಿ. ಟೇಲ್‌ಗೇಟಿಗೆ ಲಾಕ್ ಇದ್ದರೆ ಅದನ್ನೂ ಹಾಕಿ. ಬಾಡಿ ಕೆಳಗೆ ನೇತಾಡುವ ಸ್ಟೆಪ್ನಿಗೆ ರಿಮ್ಮಿನ ತೂತಿನಿಂದ ಗಟ್ಟಿ ಸರಪಳಿ ದಾಟಿಸಿ ಬೀಗ ಹಾಕಿ. ಗಾಡಿ ಎತ್ತರವಿರುವುದರಿಂದ ಕಳ್ಳ ಜಾಕ್ ಇಲ್ಲದೆಯೇ ಕೆಳಗೆ ನುಸುಳಬಹುದು. ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೊಯ್ದೊಯ್ಯುವುದೂ ಹೀಗೇ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳು ಇರುತ್ತವೆ. ಅದಕ್ಕೆ ಲೋಹದ ಕವಚ ಸಿಗುತ್ತದೆ. ಹಿಂದೆ ತೆರೆದ ಬಾಡಿಯಲ್ಲಿ ಸಾಮಾನು ಬಿಟ್ಟು ರಾತ್ರಿ ಕಳೆಯಬೇಡಿ.

ಜಿಪಿಎಸ್ ಮತ್ತು ಕಾಗದಪತ್ರ

ಜಿಪಿಎಸ್ ಕಳ್ಳತನ ತಡೆಯುವುದಿಲ್ಲ, ಕಳೆದ ಮೇಲೆ ಹುಡುಕಿಕೊಡುತ್ತದೆ. ಒಳಗೇ ಬ್ಯಾಟರಿ ಇರುವಂಥದ್ದು ತಗೊಳ್ಳಿ, ಇಲ್ಲದಿದ್ದರೆ ಗಾಡಿಯ ಬ್ಯಾಟರಿ ಕಿತ್ತ ಕೂಡಲೇ ಅದೂ ಸಾಯುತ್ತದೆ. ಸುತ್ತಲೂ ದಪ್ಪ ಲೋಹ ಇದ್ದರೆ ಸಿಗ್ನಲ್ ಸಿಗದು, ಪ್ಲಾಸ್ಟಿಕ್ ಹಿಂದೆ ಅಡಗಿಸಿ. ಸಿಮ್ ರೀಚಾರ್ಜ್ ಮುಗಿದು ತಿಂಗಳುಗಟ್ಟಲೆ ಸತ್ತೇ ಇರುವ ಜಿಪಿಎಸ್‌ಗಳು ಎಷ್ಟೋ. ವಾರಕ್ಕೊಮ್ಮೆ ಮೊಬೈಲ್‌ನಲ್ಲಿ ನೋಡಿ.

ಚಾಸಿ ನಂಬರ್, ಎಂಜಿನ್ ನಂಬರ್, ಗಾಡಿಯ ಮೇಲಿನ ಗೀರು, ಬೆಸುಗೆ, ಡೆಂಟ್ ಎಲ್ಲದರ ಫೋಟೊ ತೆಗೆದು ಮನೆಯಲ್ಲಿಡಿ. ಗಾಜುಗಳ ಮೇಲೆ ಚಾಸಿ ನಂಬರ್ ಕೆತ್ತಿಸಿದರೆ ಕದ್ದ ಗಾಡಿ ಮಾರುವುದು ಕಷ್ಟ.

ಕಳುವಾಯಿತು ಅಂತ ಗೊತ್ತಾದ ತಕ್ಷಣ ಪೊಲೀಸರಿಗೆ ಹೇಳಿ, ಆಮೇಲೆ ವಿಮೆಯವರಿಗೆ. ಜಿಪಿಎಸ್ ತೋರಿಸುವ ಜಾಗಕ್ಕೆ ಒಬ್ಬರೇ ಹೋಗಬೇಡಿ, ಆ ಜಾಗ ಪೊಲೀಸರಿಗೆ ಕೊಡಿ. ವಿಮೆಯವರು ಸಾಮಾನ್ಯವಾಗಿ ಎಲ್ಲ ಕೀಗಳನ್ನೂ ಕೇಳುತ್ತಾರೆ, ಹಾಗಾಗಿ ಸ್ಪೇರ್ ಕೀ ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ಗಾಡಿ ಸಿಕ್ಕಿತು ಅನ್ನಿ, ಖುಷಿಯಲ್ಲಿ ಹಾಗೇ ಓಡಿಸಲು ಶುರು ಮಾಡಬೇಡಿ. ಕಳ್ಳ ತನಗೂ ಒಂದು ಕೀ ಪ್ರೋಗ್ರಾಂ ಮಾಡಿಕೊಂಡಿರಬಹುದು. ಹಳೆಯ ಕೀಗಳನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಸಿ, ಗುಟ್ಟಿನ ಸ್ವಿಚ್ಚಿನ ಜಾಗ ಬದಲಾಯಿಸಿ.