ಚೆಂಡೆ ಕೇಳುತ್ತದೆ, ವೇಷ ಕಾಣುವುದಿಲ್ಲ

2012ರ ಜೂನ್ ಕೊನೆಯ ವಾರ. ಸಾಗರದಲ್ಲಿ ಮಳೆ ಹಿಡಿದುಕೊಂಡಿತ್ತು. ಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಆ ದಿನಗಳಲ್ಲಿ ಬರುವ ಗಿರಾಕಿಗಳೆಲ್ಲ ಸಿಡಿಲಿಗೆ ಸುಟ್ಟ ಮೋಡೆಮ್ ಹಿಡಿದುಕೊಂಡೇ ಬರುತ್ತಿದ್ದರು. ಹಾಗಾಗಿ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, "ಚೆಂಡೆ ಕೇಳುತ್ತದೆ, ಭಾಗವತರ ಪದವೂ ಕೇಳುತ್ತದೆ, ವೇಷ ಮಾತ್ರ ಕಾಣುವುದಿಲ್ಲ" ಎಂದಾಗ ನನಗೆ ಸ್ವಲ್ಪ ಖುಷಿಯೇ ಆಯಿತು.

"ವಿಡಿಯೊ ಜಾಗ ಕಪ್ಪಾಗಿದೆಯೇ ಮೇಷ್ಟ್ರೇ?"

"ಇಲ್ಲಪ್ಪ, ಹಸಿರು. ನಾಟಿ ಮುಗಿದ ಗದ್ದೆಯ ಹಾಗೆ."

ನಡೆದದ್ದು ಇಷ್ಟು. ಬೆಂಗಳೂರಿನಲ್ಲಿದ್ದ ಮಗ ಫೋನಿನಲ್ಲೇ ಹೇಳಿಕೊಟ್ಟು, ಆಗ ಬ್ರೌಸರಿನಲ್ಲಿ ವಿಡಿಯೊ ಓಡಿಸುತ್ತಿದ್ದ ಫ್ಲಾಶ್ ಪ್ಲೇಯರ್ ಎಂಬ ಪ್ಲಗಿನ್ (ಜೋಡಣೆ ತಂತ್ರಾಂಶ) ಅಪ್‌ಡೇಟ್ ಮಾಡಿಸಿದ್ದ. ಮೇಷ್ಟ್ರು ದಿನವೂ ಬೆಳಗ್ಗೆ ಕಾಫಿ ಕುಡಿದ ಮೇಲೆ ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುವವರು. ಮರುದಿನ ಹಾಕಿದರೆ ವಿಡಿಯೊ ಜಾಗದಲ್ಲಿ ಹಸಿರು ಚೌಕ. ಪಕ್ಕದ ಮನೆಯ ಹುಡುಗ ನೋಡಿ "ಫಾರ್ಮ್ಯಾಟ್ ಮಾಡಿಬಿಡಿ" ಎಂದನಂತೆ. ನಮ್ಮ ಕಡೆ ಕಂಪ್ಯೂಟರ್‌ಗೆ ನೆಗಡಿ ಬಂದರೂ ಹೇಳುವ ಮದ್ದು ಇದೊಂದೇ. ಫೋಟೊ, ಬರೆದಿಟ್ಟ ಕಾಗದಪತ್ರ ಎಲ್ಲ ಹೋದರೂ ಪರವಾಗಿಲ್ಲ, ಫಾರ್ಮ್ಯಾಟ್ ಆಗಲೇಬೇಕು! ಅಷ್ಟು ಮಾಡಿದ ಮೇಲೂ ಹಳೆಯ ಸಿಡಿಯಿಂದ ಗ್ರಾಫಿಕ್ಸ್ ಚಿಪ್ ನಡೆಸುವ ಹಳೆಯ ತಂತ್ರಾಂಶವನ್ನೇ, ಅಂದರೆ ಹಳೆಯ ಡ್ರೈವರನ್ನೇ, ಹಾಕಿದರೆ ಅದೇ ಹಸಿರು ವಾಪಸು ಬರುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಮನೆಗೆ ಹೋದೆ. 2009ರಲ್ಲಿ ಜೋಡಿಸಿದ ಯಂತ್ರ. ವಿಂಡೋಸ್ 7, ಮದರ್‌ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಚಿಪ್, ಫೈರ್‌ಫಾಕ್ಸ್ ಬ್ರೌಸರ್. ಕುಳಿತುಕೊಳ್ಳುವ ಮೊದಲೇ ಮೇಷ್ಟ್ರ ಹೆಂಡತಿ ದೂರು ಹೇಳಿದರು: "ನೋಡಪ್ಪ, ನಾನು ಸಂಜೆ ನೋಡುವಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಇವರೇ ಬೆಳಗ್ಗೆ ಏನೋ ಒತ್ತಿ ಕೆಡಿಸುತ್ತಾರೆ." ಮೇಷ್ಟ್ರು "ನಾನು ಏನನ್ನೂ ಮುಟ್ಟಿಲ್ಲ" ಎಂದರು. ಗಂಡ ಹೆಂಡಿರ ಮಾತಿನ ನಡುವೆ ನಾವೇಕೆ ಎಂದು ನಾನು ನಕ್ಕು ಸುಮ್ಮನಾದೆ. ಆ ದಿನ ಮಾಡಿದ ದೊಡ್ಡ ತಪ್ಪು ಅದೇ.

ಏಕೆಂದರೆ ನಾನು ಮನೆಯಿಂದ ಹೊರಡುವಾಗಲೇ ರೋಗದ ಹೆಸರು ತೀರ್ಮಾನಿಸಿಕೊಂಡು ಹೋಗಿದ್ದೆ. ಅದೇ ತಿಂಗಳು ಬಂದಿದ್ದ ಫ್ಲಾಶ್ 11.3ರಲ್ಲಿ, ವಿಸ್ಟಾ ಮತ್ತು ಅದರ ನಂತರದ ವಿಂಡೋಸ್‌ಗಳ ಫೈರ್‌ಫಾಕ್ಸ್‌ಗಾಗಿ 'ಪ್ರೊಟೆಕ್ಟೆಡ್ ಮೋಡ್' ಎಂಬ ಭದ್ರತಾ ಏರ್ಪಾಡು ಸೇರಿತ್ತು. ಪ್ಲಗಿನ್ನನ್ನು ಬೇಲಿಯೊಳಗೆ ಓಡಿಸುವ ವ್ಯವಸ್ಥೆ ಅದು. ಟಾಸ್ಕ್ ಮ್ಯಾನೇಜರ್ ತೆರೆದರೆ ಫ್ಲಾಶ್ ಪ್ಲೇಯರ್ ಪ್ಲಗಿನ್ ಎಂಬ ಹೆಸರಿನ ಎರಡು ಪ್ರಕ್ರಿಯೆಗಳು ಓಡುತ್ತಿದ್ದವು. ಇದೇ ಕಳ್ಳ ಎಂದುಕೊಂಡೆ. ಸಿಸ್ಟಂ32 ಒಳಗಿನ ಮ್ಯಾಕ್ರೋಮೆಡ್ ಫೋಲ್ಡರಿನ ಫ್ಲಾಶ್ ಫೋಲ್ಡರಿನಲ್ಲಿ ಎಂಎಂಎಸ್ ಡಾಟ್ ಸಿಎಫ್‌ಜಿ ಎಂಬ ಕಡತವಿಟ್ಟು, ಅದರಲ್ಲಿ ಪ್ರೊಟೆಕ್ಟೆಡ್ ಮೋಡ್‌ನ ಬೆಲೆ ಸೊನ್ನೆ ಎಂದು ಒಂದು ಸಾಲು ಬರೆದರೆ ಅದು ನಿಲ್ಲಬೇಕು. ಬರೆದೆ. ನಿಲ್ಲಲಿಲ್ಲ. ಮುಕ್ಕಾಲು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ನೋಟ್‌ಪ್ಯಾಡ್ ಆ ಹೆಸರಿನ ಬಾಲಕ್ಕೆ ತನ್ನ ಡಾಟ್ ಟಿಎಕ್ಸ್‌ಟಿಯನ್ನು ಅಂಟಿಸಿತ್ತು. ಬಾಲ ಕತ್ತರಿಸಿದೆ, ಫೈರ್‌ಫಾಕ್ಸ್ ಮುಚ್ಚಿ ತೆರೆದೆ. ಎರಡು ಪ್ರಕ್ರಿಯೆಗಳೂ ಮಾಯ. ಹಸಿರು ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಸ್ವಲ್ಪ ಬುದ್ಧಿ ಬಂತು. ಪೆನ್‌ಡ್ರೈವ್‌ನಲ್ಲಿದ್ದ ಎಂಪಿ4 ವಿಡಿಯೊವನ್ನು ಬ್ರೌಸರ್ ಬೇಡದ ವಿಡಿಯೊ ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಹಾಕಿದೆ, ಚೆನ್ನಾಗಿ ಬಂತು. ಅದೇ ಯೂಟ್ಯೂಬ್ ಪುಟವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದೆ, ಅಲ್ಲಿಯೂ ವೇಷ ಕುಣಿಯುತ್ತಿತ್ತು. ಬಹಳ ಜನಕ್ಕೆ ಗೊತ್ತಿರದ ಸಂಗತಿಯೆಂದರೆ, ಎಕ್ಸ್‌ಪ್ಲೋರರ್‌ನ ಫ್ಲಾಶ್ ಬೇರೆ, ಫೈರ್‌ಫಾಕ್ಸ್‌ನ ಫ್ಲಾಶ್ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಹಾಕಬೇಕಿತ್ತು. ಮಗ ಮಾಡಿಸಿದ್ದು ಫೈರ್‌ಫಾಕ್ಸ್‌ನದನ್ನು ಮಾತ್ರ. ಎಕ್ಸ್‌ಪ್ಲೋರರ್‌ನಲ್ಲಿ 2009ರ ಕಾಲದ 10.0 ಹಾಗೆಯೇ ಉಳಿದಿತ್ತು. ಅಂದರೆ ಮಾನಿಟರ್ ಸರಿ, ಕೇಬಲ್ ಸರಿ, ವಿಡಿಯೊ ಸರಿ. 10.0ರಿಂದ 11.3ಕ್ಕೆ ಬರುವ ದಾರಿಯಲ್ಲಿ ಏನೋ ಆಗಿದೆ. ಏನು ಎಂಬುದು ಇನ್ನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಸಂಜೆಯಾಯಿತು. ಊರಿನವರೆಲ್ಲ ಕಂಪ್ಯೂಟರ್ ಹಚ್ಚುವ ಹೊತ್ತು, ನೆಟ್ ತೆವಳತೊಡಗಿತು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಚಹಾ ತಂದಿಟ್ಟ ಅಮ್ಮ, "ಸರಿಯಪ್ಪ, ಚಕ್ರ ಬಂದರೆ ಇದನ್ನು ಒತ್ತಬೇಕು ಎಂದು ಮಗ ಹೇಳಿಕೊಟ್ಟಿದ್ದಾನೆ" ಎನ್ನುತ್ತ ಗುಣಮಟ್ಟದ ಪಟ್ಟಿ ತೆರೆದು 360 ಇದ್ದದ್ದನ್ನು 240 ಮಾಡಿದರು. ಹಸಿರು ಹೋಗಿ ವೇಷ ಬಂತು! ಕಿರೀಟದ ಅಂಚು ಮಸುಕು, ಮುಖದ ಬಣ್ಣ ಕಲಸಿದ ಹಾಗೆ. ಆದರೂ ವೇಷ. "ನೋಡಿದೆಯಾ" ಎಂದು ಅಮ್ಮ ಮೇಷ್ಟ್ರ ಕಡೆ ತಿರುಗಿದರು.

ನಾನು ಚಹಾ ಅಲ್ಲಿಯೇ ಇಟ್ಟೆ. ಮತ್ತೆ 360 ಮಾಡಿದೆ, ಹಸಿರು. 240, ವೇಷ. ವಿಡಿಯೊದ ಮೇಲೆ ಬಲ ಗುಂಡಿ ಒತ್ತಿ ವಿಡಿಯೊ ಮಾಹಿತಿ ತೋರಿಸುವ ಸಾಲನ್ನು ಆರಿಸಿದೆ. ಆಗಿನ ಯೂಟ್ಯೂಬ್‌ನಲ್ಲಿ ಮೂಲೆಯಲ್ಲೊಂದು ಪುಟ್ಟ ಪೆಟ್ಟಿಗೆ ತೆರೆದು ಅಂಕಿ ಅಂಶ ಕಾಣಿಸುತ್ತಿತ್ತು. 240ರಲ್ಲಿ 'ಸಾಫ್ಟ್‌ವೇರ್ ಡಿಕೋಡಿಂಗ್', 360ರಲ್ಲಿ 'ಆಕ್ಸಲರೇಟೆಡ್ ಡಿಕೋಡಿಂಗ್'. ಡಿಕೋಡಿಂಗ್ ಎಂದರೆ ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸುವುದು. ಅಮ್ಮ ಸಂಜೆ ನೋಡುತ್ತಿದ್ದದ್ದು ಒಂದು ಬಗೆಯ ವಿಡಿಯೊ, ಮೇಷ್ಟ್ರು ಬೆಳಗ್ಗೆ ನೋಡುತ್ತಿದ್ದದ್ದು ಇನ್ನೊಂದು ಬಗೆಯದು. ನೆಟ್ ಕೆಟ್ಟಾಗ ಚಿತ್ರ, ನೆಟ್ ಚೆನ್ನಾಗಿದ್ದಾಗ ಹಸಿರು. ಇಬ್ಬರ ಮಾತೂ ನಿಜವೇ ಆಗಿತ್ತು.

ಕಾರಣ ಹೀಗೆ. ಆಗ 240ರ ವಿಡಿಯೊ ಎಚ್.263 ಎಂಬ, ವಿಡಿಯೊ ಕುಗ್ಗಿಸುವ ಹಳೆಯ ರೀತಿಯಲ್ಲಿ ಬರುತ್ತಿತ್ತು, 360ರಿಂದ ಮೇಲಿನವು ಎಚ್.264ರಲ್ಲಿ. 2010ರಲ್ಲಿ ಬಂದ ಫ್ಲಾಶ್ 10.1ರಿಂದ ಆಚೆಗೆ ವಿಂಡೋಸ್‌ನಲ್ಲಿ ಎಚ್.264 ಬಿಡಿಸುವ ಕೆಲಸವನ್ನು ಪ್ರೊಸೆಸರಿನ ಬದಲು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೌಲಭ್ಯವಿತ್ತು. ಹಾರ್ಡ್‌ವೇರ್ ಆಕ್ಸಲರೇಶನ್ ಎನ್ನುವುದು ಇದಕ್ಕೇ. ಮೇಷ್ಟ್ರ ಯಂತ್ರದಲ್ಲಿ ಚಿಪ್ ಕೆಲಸ ಒಪ್ಪಿಕೊಳ್ಳುತ್ತಿತ್ತು, ಮುಗಿಸಿ ಕೊಡುವಾಗ ಖಾಲಿ ಬುಟ್ಟಿ ಕೊಡುತ್ತಿತ್ತು. ವಿಎಲ್‌ಸಿ ಆಗ ತಾನಾಗಿ ಚಿಪ್‌ನ ಸಹಾಯ ಕೇಳುತ್ತಿರಲಿಲ್ಲ, ಎಲ್ಲವನ್ನೂ ಪ್ರೊಸೆಸರಿನಲ್ಲೇ ಮಾಡುತ್ತಿತ್ತು. ಅದರಲ್ಲಿ ಸರಿಯಾಗಿ ಕಂಡದ್ದು ಅದಕ್ಕೇ.

ಖಾಲಿ ಎಂದರೆ ಕಪ್ಪಾಗಬೇಕಲ್ಲ, ಹಸಿರೇಕೆ ಎಂದು ಮೇಷ್ಟ್ರು ಕೇಳಿದರು. ಗಣಿತದ ಮೇಷ್ಟ್ರು, ಬಿಡುವವರಲ್ಲ. ವಿಡಿಯೊದಲ್ಲಿ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂದು ಇಡುವುದಿಲ್ಲ. ಬೆಳಕಿಗೊಂದು, ಬಣ್ಣಕ್ಕೆ ಎರಡು, ಹೀಗೆ ಮೂರು ಸಂಖ್ಯೆ. ಕಪ್ಪು ಬೇಕಾದರೆ ಬೆಳಕು 16, ಬಣ್ಣದವು ಎರಡೂ 128 ಇರಬೇಕು. ಮೂರೂ ಸೊನ್ನೆಯಾದರೆ ಲೆಕ್ಕ ಬಿಡಿಸುವಾಗ ಕೆಂಪು ಮತ್ತು ನೀಲಿ ಋಣ ಸಂಖ್ಯೆಗಳಾಗಿ ಸೊನ್ನೆಗೆ ನಿಲ್ಲುತ್ತವೆ, ಹಸಿರು ಸುಮಾರು 135 ಆಗಿ ಉಳಿಯುತ್ತದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಮೇಷ್ಟ್ರು ತಾವೇ ಗುಣಿಸಿ ನೋಡಿ, "ಸರಿ, ಬಂತು" ಎಂದರು.

ತಾತ್ಕಾಲಿಕ ಮದ್ದು ಅರ್ಧ ನಿಮಿಷದ್ದು. ವಿಡಿಯೊದ ಮೇಲೆ ಬಲ ಗುಂಡಿ, ಸೆಟ್ಟಿಂಗ್ಸ್, ಮಾನಿಟರ್ ಚಿತ್ರವಿರುವ ಮೊದಲ ಟ್ಯಾಬ್, ಅಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ ಎದುರಿನ ಗುರುತು ತೆಗೆಯುವುದು. ಆಮೇಲೆ ಪುಟವನ್ನು ಹೊಸದಾಗಿ ತೆರೆಯಬೇಕು; ಇದನ್ನು ಮರೆತು "ಏನೂ ಆಗಲಿಲ್ಲ" ಎನ್ನುವವರೇ ಹೆಚ್ಚು. 360ರಲ್ಲಿ ವೇಷ ಸ್ಪಷ್ಟವಾಗಿ ಬಂತು. ಆದರೆ ಪ್ರೊಸೆಸರಿನ ಮೇಲೆ ಮುಕ್ಕಾಲು ಪಾಲು ಹೊರೆ ಬಿದ್ದು ಫ್ಯಾನ್ ಕೂಗತೊಡಗಿತು.

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಡ್ರೈವರಿನ ತಾರೀಕು ನೋಡಿದರೆ 2009. ಬೋರ್ಡಿನ ಜೊತೆ ಬಂದ ಸಿಡಿಯದ್ದು, ಆಮೇಲೆ ಯಾರೂ ಮುಟ್ಟಿಲ್ಲ. ಹೊಸದನ್ನು ಅಲ್ಲಿಯೇ ಇಳಿಸಿಕೊಳ್ಳಲು ಆ ನೆಟ್‌ನಲ್ಲಿ ಸಾಧ್ಯವಿರಲಿಲ್ಲ. ರಾತ್ರಿ ಅಂಗಡಿಯಲ್ಲಿ ಡೌನ್‌ಲೋಡ್‌ಗೆ ಹಾಕಿ, ಮರುದಿನ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಮೊದಲು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟೆ; ಡಿಸ್‌ಪ್ಲೇ ಡ್ರೈವರ್ ಎಡವಿದರೆ ಪರದೆಯೇ ಕಾಣದೆ ಹೋಗಬಹುದು. ಡ್ರೈವರ್ ಹಾಕಿ, ಮತ್ತೆ ಗುರುತು ಹಾಕಿ ನೋಡಿದರೆ 480ರಲ್ಲೂ ಚಿತ್ರ ನಿರ್ಮಲ, ಫ್ಯಾನ್ ಮೌನ. ಹಿಂದಿನ ದಿನ ಬರೆದಿದ್ದ ಕಡತವನ್ನು ನೆನಪಿಟ್ಟು ಅಳಿಸಿದೆ. ತಪ್ಪಿಲ್ಲದ ಬೇಲಿಯನ್ನು ಕಿತ್ತು ಹೋಗುವುದು ಸರಿಯಲ್ಲ.

ಫ್ಲಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, 2021ರ ಜನವರಿ 12ರಿಂದ ಓಡುವುದೂ ನಿಂತಿತು. ಪ್ಲಗಿನ್ ಹೋದರೂ ಈ ತೊಂದರೆ ಹೋಗಿಲ್ಲ. ಈಗ ಬ್ರೌಸರೇ ನೇರವಾಗಿ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ವಹಿಸುತ್ತದೆ, ಕ್ರೋಮ್‌ನಲ್ಲಿ ಆ ಗುಂಡಿ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿದೆ. ಹೋದ ಮಳೆಗಾಲದಲ್ಲಿ ಸೋದರತ್ತೆಯ ಮಗಳು ಫೋನ್ ಮಾಡಿ, ಬ್ರೌಸರ್ ಅಪ್‌ಡೇಟ್ ಆದಾಗಿನಿಂದ ಪಾಠದ ವಿಡಿಯೊ ಕಾಣುತ್ತಿಲ್ಲ, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಲೇ ಎಂದಳು. ಹಸಿರೋ ಕಪ್ಪೋ ಎಂದು ಕೇಳಿದೆ. "ಹಸಿರು ಭಾವ, ಅದು ಹೇಗೆ ಗೊತ್ತಾಯಿತು?" ಎಂದಳು.