ತೊಡೆಮೂಳೆಯ ಮೇಲ್ತುದಿಯನ್ನು ಸೀಳಿ ಸ್ಪಂಜು ಮೂಳೆಯನ್ನು ಅಭ್ಯಾಸ ಮಾಡುವ ಕ್ರಮ

ಸ್ಪಂಜು ಮೂಳೆಯ ಪಾಠವನ್ನು ಸಾಮಾನ್ಯವಾಗಿ ಒಂದು ಚಿತ್ರದಲ್ಲಿ ಮುಗಿಸಲಾಗುತ್ತದೆ. ಹೊರಗೆ ಸಾಂದ್ರ ಮೂಳೆ, ಒಳಗೆ ರಂಧ್ರಗಳಿಂದ ತುಂಬಿದ ಹಗುರ ಮೂಳೆ ಎಂದು ಹೇಳಿದರೆ ಅದು ತಪ್ಪಲ್ಲ. ಆದರೆ ಅಂಥ ಚಿತ್ರವನ್ನು ಕಂಡವರ ಗಮನ ರಂಧ್ರಗಳಲ್ಲೇ ಉಳಿದು, ರಂಧ್ರಗಳ ನಡುವಿನ ಸಣ್ಣ ಮೂಳೆಕಡ್ಡಿಗಳು ಎಲ್ಲಿಂದ ಹೊರಟು ಯಾವ ದಿಕ್ಕಿಗೆ ಸಾಗುತ್ತವೆ ಎಂಬ ಮುಖ್ಯ ಸಂಗತಿ ಕಾಣದೇ ಹೋಗುತ್ತದೆ. ಈ ಅಂಗಾಂಶದ ರಚನೆಯೂ ಕಾರ್ಯವೂ ಆ ದಿಕ್ಕಿನಲ್ಲೇ ಅಡಗಿವೆ. ಅದನ್ನು ಕಣ್ಣಾರೆ ನೋಡಲು ಕುರಿಯ ಅಥವಾ ಆಡಿನ ಒಂದು ತೊಡೆಮೂಳೆ, ಸಣ್ಣ ಹಲ್ಲಿನ ಹ್ಯಾಕ್ಸಾ ಗರಗಸ ಮತ್ತು ಒಂದು ಭೂತಗನ್ನಡಿ ಸಾಕು.

ಮಟನ್ ಅಂಗಡಿಯಲ್ಲಿ ತೊಡೆಮೂಳೆಯ ಮೇಲ್ತುದಿಯನ್ನು, ಅಂದರೆ ಸೊಂಟದ ಕೀಲಿಗೆ ಕೂಡುವ ಗುಂಡನೆಯ ತಲೆಯಿರುವ ಭಾಗವನ್ನು, ಕತ್ತಿಯಿಂದ ಕಡಿಯದೆ ಇಡಿಯಾಗಿ ಕೊಡಿ ಎಂದು ಮೊದಲೇ ಹೇಳಿಡಬೇಕು. ಕತ್ತಿಯ ಏಟು ಬಿದ್ದ ಮೂಳೆಯಲ್ಲಿ ಒಳಗಿನ ಕಡ್ಡಿಗಳು ನುಚ್ಚಾಗಿರುತ್ತವೆ. ಅಂಥದ್ದರಿಂದ ಏನನ್ನೂ ಕಲಿಯಲಾಗದು. ಹಸಿ ಮೂಳೆಯನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಕೈಯನ್ನೂ ಗರಗಸವನ್ನೂ ಸೋಪಿನಿಂದ ತೊಳೆಯಬೇಕು. ಕೊಯ್ಯುವ ಮುನ್ನ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಮಜ್ಜೆ ಗಟ್ಟಿಯಾಗಿ ಗರಗಸ ನೇರವಾಗಿ ಸಾಗುತ್ತದೆ.

ಕೊಯ್ತದ ದಿಕ್ಕಿಗೆ ಹೆಚ್ಚಿನ ಎಚ್ಚರ ಬೇಕು. ಮೂಳೆಯ ತಲೆ, ಅದರ ಕೆಳಗಿನ ಕುತ್ತಿಗೆ, ಹೊರಬದಿಯ ದೊಡ್ಡ ಉಬ್ಬು ಮತ್ತು ಕೆಳಗಿನ ಕಾಂಡ ಇವು ನಾಲ್ಕೂ ಒಂದೇ ಸೀಳಿನಲ್ಲಿ ಕಾಣುವಂತೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಮೂಳೆಯನ್ನು ಇಕ್ಕಳಕ್ಕೆ ಭದ್ರವಾಗಿ ಬಿಗಿದು, ಒತ್ತಡ ಹಾಕದೆ ನಿಧಾನವಾಗಿ ಉದ್ದಕ್ಕೆ ಕೊಯ್ಯಬೇಕು. ಅಡ್ಡಕ್ಕೆ ಕೊಯ್ದರೆ ಕಡ್ಡಿಗಳ ತುದಿಗಳಷ್ಟೇ ಚುಕ್ಕಿಗಳಾಗಿ ಕಾಣುತ್ತವೆ, ಅವುಗಳ ಸಾಲು ಕಾಣುವುದಿಲ್ಲ. ಅರ್ಧ ಹೋಳಿನಿಂದ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಇನ್ನೊಂದು ಬಿಲ್ಲೆಯನ್ನೂ ತೆಗೆದಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಈಗ ಮಜ್ಜೆಯನ್ನು ತೆಗೆಯಬೇಕು. ಡಿಟರ್ಜೆಂಟ್ ಪುಡಿ ಕದಡಿದ ನೀರಿನಲ್ಲಿ ಹೋಳುಗಳನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ನೀರು ಚಿಮ್ಮಿಸುತ್ತಾ ರಂಧ್ರಗಳನ್ನು ತೊಳೆಯಬೇಕು. ಕೊಬ್ಬು ಹೋಗುವವರೆಗೂ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಕೊತಕೊತ ಕುದಿಸಬಾರದು. ಮಾಂಸಕ್ಕಾಗಿ ಕಡಿಯುವ ಪ್ರಾಣಿಗಳು ಹೆಚ್ಚಾಗಿ ಎಳೆಯವಾಗಿರುವುದರಿಂದ ತಲೆಯ ಕೆಳಗೆ ಬೆಳವಣಿಗೆಯ ಮೃದ್ವಸ್ಥಿಯ ತೆಳುವಾದ ಪದರ ಇನ್ನೂ ಉಳಿದಿರುತ್ತದೆ, ಜೋರಾಗಿ ಕುದಿಸಿದರೆ ಅದು ಕರಗಿ ತಲೆಯೇ ಕಳಚಿಕೊಳ್ಳುತ್ತದೆ. ಬಿಳುಪಿಗಾಗಿ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ದಿನ ನೆನೆಸಬಹುದು. ಬ್ಲೀಚಿಂಗ್ ದ್ರಾವಣ ಮಾತ್ರ ಬೇಡವೇ ಬೇಡ, ಏಕೆಂದರೆ ಅದು ಮೂಳೆಯ ಕೊಲಾಜನ್ ನಾರನ್ನು ತಿಂದುಹಾಕಿ ಕಡ್ಡಿಗಳನ್ನು ಪುಡಿಗಟ್ಟಿಸುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಿ.

ಒಣಗಿದ ಹೋಳನ್ನು ಓರೆ ಬೆಳಕಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿ. ಕಾಂಡದ ಗೋಡೆ ದಪ್ಪವಾಗಿದ್ದು, ಮೇಲಕ್ಕೆ ಹೋದಂತೆ ತೆಳುವಾಗುತ್ತದೆ. ಗೋಡೆ ತೆಳುವಾಗುವಲ್ಲೇ ಸ್ಪಂಜು ಮೂಳೆ ದಟ್ಟವಾಗುತ್ತದೆ. ಕಡ್ಡಿಗಳ ಜೊತೆಗೆ ಸಣ್ಣ ಹಲಗೆಗಳಂಥ ರಚನೆಗಳೂ ಕಾಣುತ್ತವೆ. ಇವೆರಡಕ್ಕೂ ಟ್ರಾಬೆಕ್ಯುಲೆ ಎಂದು ಹೆಸರು. ಮನುಷ್ಯರಲ್ಲಿ ಇವುಗಳ ದಪ್ಪ ಸುಮಾರು 0.1ರಿಂದ 0.2 ಮಿಲಿಮೀಟರ್. ಬಣ್ಣದ ನೀರಿನ ಒಂದು ಹನಿಯನ್ನು ಹೋಳಿನ ಮೇಲೆ ಬಿಟ್ಟರೆ ಅದು ಬಿದ್ದಲ್ಲೇ ನಿಲ್ಲದೆ ಒಳಗೊಳಗೇ ಹರಿದು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ರಂಧ್ರಗಳು ಬಿಡಿಬಿಡಿ ಗುಳ್ಳೆಗಳಲ್ಲ, ಒಂದಕ್ಕೊಂದು ತೆರೆದುಕೊಂಡಿವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜೀವಂತ ದೇಹದಲ್ಲಿ ಈ ತೆರಪುಗಳಲ್ಲಿ ಮಜ್ಜೆ ಇರುತ್ತದೆ. ವಯಸ್ಕರಲ್ಲಿ ರಕ್ತಕಣಗಳನ್ನು ತಯಾರಿಸುವ ಕೆಂಪು ಮಜ್ಜೆ ಹೆಚ್ಚಾಗಿ ಉಳಿದಿರುವುದು ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು ಮತ್ತು ಎದೆಮೂಳೆಗಳ ಸ್ಪಂಜು ಭಾಗಗಳಲ್ಲಿ. ಮಜ್ಜೆಯ ಪರೀಕ್ಷೆಗೆ ವೈದ್ಯರು ಸೊಂಟದ ಮೂಳೆಯ ಹಿಂಭಾಗಕ್ಕೆ ಸೂಜಿ ಹಾಕುವುದು ಇದೇ ಕಾರಣಕ್ಕೆ.

ಇನ್ನು ದಿಕ್ಕನ್ನು ಗುರುತಿಸುವ ಕೆಲಸ. ಹೋಳಿನ ಫೋಟೊ ತೆಗೆದು ಮುದ್ರಿಸಿಕೊಂಡು, ಉದ್ದನೆಯ ಸಾಲುಗಳ ಮೇಲೆ ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತಾ ಹೋಗಿ, ಅದರ ಪಕ್ಕದಲ್ಲಿ ಮನುಷ್ಯನ ತೊಡೆಮೂಳೆಯ ಇಂಥದೇ ಸೀಳಿನ ಚಿತ್ರವನ್ನು ಇಟ್ಟುಕೊಳ್ಳಬೇಕು. ಮನುಷ್ಯರಲ್ಲಿ ಕುತ್ತಿಗೆಯ ಒಳಬದಿಯ ಗೋಡೆಯಿಂದ ಹೊರಟ ಒಂದು ದಟ್ಟವಾದ ಸಾಲು ತಲೆಯ ಮೇಲ್ಭಾಗಕ್ಕೆ ನೆಟ್ಟಗೆ ಏರುತ್ತದೆ. ದೇಹದ ತೂಕದ ಒತ್ತಡವನ್ನು ಹೊರುವುದು ಅದು. ಹೊರಬದಿಯ ಗೋಡೆಯಿಂದ ಹೊರಟ ಇನ್ನೊಂದು ಸಾಲು ಕಮಾನಿನಂತೆ ಬಾಗಿ ಕುತ್ತಿಗೆಯನ್ನು ದಾಟಿ ತಲೆಯ ಒಳಬದಿಗೆ ಸೇರುತ್ತದೆ. ಓರೆಯಾದ ಕುತ್ತಿಗೆ ಬಾಗುವಾಗ ಮೇಲಂಚಿನಲ್ಲಿ ಹುಟ್ಟುವ ಎಳೆತವನ್ನು ತಡೆಯುವ ಸಾಲು ಇದೆಂದು ಶಾಸ್ತ್ರೀಯ ವಿವರಣೆ ಹೇಳುತ್ತದೆ. ಈ ಸಾಲುಗಳ ನಡುವೆ ಕಡ್ಡಿಗಳು ವಿರಳವಾಗಿರುವ ಜಾಗಕ್ಕೆ ವಾರ್ಡ್ ತ್ರಿಕೋನ ಎನ್ನುತ್ತಾರೆ. ನಾಲ್ಕು ಕಾಲಿನ ಮೇಲೆ ನಿಲ್ಲುವ ಕುರಿಯ ಮೂಳೆಯ ಕುತ್ತಿಗೆ ಗಿಡ್ಡ, ಹೊರೆಯ ರೀತಿಯೂ ಬೇರೆ. ಆದ್ದರಿಂದ ಎರಡು ಚಿತ್ರಗಳು ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಹೊಂದದಿರುವ ಜಾಗಗಳನ್ನೇ ಗುರುತು ಹಾಕಿಕೊಂಡರೆ ಒಳ್ಳೆಯದು.

ಜ್ಯೂರಿಕ್‌ನಲ್ಲಿ 1866ರ ಸುಮಾರಿಗೆ ಅಂಗರಚನಾಶಾಸ್ತ್ರಜ್ಞ ಹರ್ಮನ್ ಫಾನ್ ಮೆಯರ್ ತೋರಿಸಿದ ಇಂಥ ಸೀಳುಗಳನ್ನು ಕಂಡ ಎಂಜಿನಿಯರ್ ಕಾರ್ಲ್ ಕುಲ್ಮನ್‌ಗೆ, ಬಾಗಿದ ಕ್ರೇನಿನೊಳಗೆ ಬಲ ಸಾಗುವ ಗೆರೆಗಳೇ ಅಲ್ಲಿ ಕಂಡವು. ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಇದನ್ನು ನಿಯಮದ ರೂಪಕ್ಕೆ ತಂದು, ಹೊರೆ ಬದಲಾದರೆ ಮೂಳೆಯ ಒಳರಚನೆಯೂ ಬದಲಾಗುತ್ತದೆ ಎಂದ. ಅವನ ಗಣಿತವನ್ನು ಇಂದು ಯಥಾವತ್ತಾಗಿ ಯಾರೂ ಒಪ್ಪುವುದಿಲ್ಲ, ಆದರೆ ಮೂಲ ಮಾತು ಉಳಿದುಕೊಂಡಿದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ತೂಕವಿಲ್ಲದೆ ಇರುವವರ ಸೊಂಟದ ಭಾಗದ ಮೂಳೆಯ ಖನಿಜ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುವುದು ಅದಕ್ಕೆ ಒಳ್ಳೆಯ ನಿದರ್ಶನ.

ತೆಗೆದಿಟ್ಟ ತೆಳು ಬಿಲ್ಲೆಯನ್ನು ವಿನೆಗರಿನಲ್ಲಿ ಮುಳುಗಿಸಿ, ವಿನೆಗರನ್ನು ದಿನವೂ ಬದಲಾಯಿಸುತ್ತಾ ಬನ್ನಿ. ಖನಿಜ ಕರಗಿ ಹೋದ ಮೇಲೆ ಅದೇ ಆಕಾರದ, ರಬ್ಬರಿನಂತೆ ಬಾಗುವ ನಾರಿನ ಜಾಲ ಕೈಗೆ ಸಿಗುತ್ತದೆ. ಗಡಸುತನ ಖನಿಜದಿಂದ ಬಂದರೆ, ಮುರಿಯದೆ ಬಾಗುವ ಗುಣ ಕೊಲಾಜನ್‌ನಿಂದ ಬರುತ್ತದೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಕಾಲೇಜಿನಲ್ಲಿ ಸಿದ್ಧ ಸ್ಲೈಡ್ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಹ್ಯಾವರ್ಸಿಯನ್ ನಾಳಗಳನ್ನು, ಅಂದರೆ ಮೂಳೆಯೊಳಗೆ ರಕ್ತನಾಳಗಳು ಸಾಗುವ ಸಣ್ಣ ಕೊಳವೆಗಳನ್ನು, ಹುಡುಕಿ. ಸಾಂದ್ರ ಮೂಳೆಯಲ್ಲಿ ಎಲ್ಲೆಲ್ಲೂ ಇರುವ ಅವು ತೆಳುವಾದ ಕಡ್ಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಡ್ಡಿಯೊಳಗಿನ ಆಸ್ಟಿಯೋಸೈಟ್ ಎಂಬ ಮೂಳೆಕೋಶಗಳಿಗೆ ಪಕ್ಕದ ಮಜ್ಜೆಯ ರಕ್ತನಾಳಗಳಿಂದಲೇ ಸೂಕ್ಷ್ಮ ಕಾಲುವೆಗಳ ಮೂಲಕ ಪೋಷಣೆ ತಲುಪುವುದರಿಂದ, ಅಷ್ಟು ತೆಳುವಾದ ಕಡ್ಡಿಗೆ ತನ್ನದೇ ರಕ್ತನಾಳ ಬೇಕಾಗುವುದಿಲ್ಲ. ಕಡ್ಡಿಯ ಮೇಲ್ಮೈಯಲ್ಲಿ ಸಾಲಾಗಿ ಕುಳಿತ ಆಸ್ಟಿಯೋಬ್ಲಾಸ್ಟ್‌ಗಳು ಮೂಳೆ ಕಟ್ಟುತ್ತಿರುತ್ತವೆ, ಸಣ್ಣ ಗುಳಿಯಲ್ಲಿ ಕುಳಿತ, ಹಲವು ಕೋಶಕೇಂದ್ರಗಳಿರುವ ದೊಡ್ಡ ಆಸ್ಟಿಯೋಕ್ಲಾಸ್ಟ್ ಅದನ್ನು ಕರಗಿಸುತ್ತಿರುತ್ತದೆ. ಈ ಕೆಲಸವೆಲ್ಲ ಮೇಲ್ಮೈಯಲ್ಲೇ ನಡೆಯಬೇಕು. ಅಸ್ಥಿಪಂಜರದ ತೂಕದಲ್ಲಿ ಸ್ಪಂಜು ಮೂಳೆಯ ಪಾಲು ಸುಮಾರು ಶೇಕಡಾ 20 ಮಾತ್ರವಾದರೂ ಅದರ ಮೇಲ್ಮೈ ಬಹಳ ವಿಸ್ತಾರವಾದದ್ದು. ಹಾಗಾಗಿ ವರ್ಷಕ್ಕೆ ಅದರ ಸುಮಾರು ಕಾಲುಭಾಗ ಹೊಸದಾಗುತ್ತದೆ, ದೇಹಕ್ಕೆ ಕ್ಯಾಲ್ಸಿಯಂ ಬೇಕಾದಾಗಲೂ ಅದು ಬೇಗ ಒದಗುತ್ತದೆ.

ಇದೇ ಕಾರಣಕ್ಕೆ, ಮೂಳೆ ಕರಗುವುದು ಕಟ್ಟುವುದಕ್ಕಿಂತ ಹೆಚ್ಚಾದಾಗ, ಮುಖ್ಯವಾಗಿ ಮುಟ್ಟು ನಿಂತ ನಂತರದ ವರ್ಷಗಳಲ್ಲಿ, ಮೊದಲು ಸೊರಗುವುದೂ ಸ್ಪಂಜು ಮೂಳೆಯೇ. ಬೆನ್ನುಮೂಳೆಯ ಮಣಿಗಳಲ್ಲಿ ಅಡ್ಡಕಡ್ಡಿಗಳು ಮೊದಲು ಕಳೆದುಹೋಗುತ್ತವೆ. ಸಪೂರ ಕಂಬವೊಂದಕ್ಕೆ ಆಸರೆಯಾದ ಎರಡು ಅಡ್ಡಪಟ್ಟಿಗಳ ನಡುವಿನ ಅಂತರ ಇಮ್ಮಡಿಯಾದರೆ ಅದು ಬಾಗದೆ ತಡೆಯಬಲ್ಲ ಹೊರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿದ ನೆಟ್ಟ ಕಡ್ಡಿಗಳ ಸ್ಥಿತಿಯೂ ಅದೇ. ನಿಮ್ಮ ಹೋಳಿನಲ್ಲಿ ಅಡ್ಡಕಡ್ಡಿಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಅವು ಇಲ್ಲದಿದ್ದರೆ ನೆಟ್ಟ ಕಡ್ಡಿಗಳಿಗೆ ಎಷ್ಟು ಉದ್ದದವರೆಗೆ ಆಸರೆ ತಪ್ಪುತ್ತಿತ್ತು ಎಂದು ಅಳೆದು ಬರೆದಿಡಿ.

ಕೊನೆಯಲ್ಲಿ, ಸಾಧ್ಯವಾದರೆ ಸೊಂಟದ ಒಂದು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ನೀವು ಗೆರೆ ಎಳೆದ ಸಾಲುಗಳನ್ನು ಅದರಲ್ಲಿ ಹುಡುಕಿ. ಸಾಲುಗಳು ಯಾವ ಕ್ರಮದಲ್ಲಿ ಮಾಸುತ್ತವೆ ಎಂಬುದರ ಮೇಲೆ ಮೂಳೆಸವೆತವನ್ನು ಆರು ದರ್ಜೆಗಳಲ್ಲಿ ಅಂದಾಜಿಸುವ ಸಿಂಗ್ ಸೂಚ್ಯಂಕ 1970ರಲ್ಲಿ ಪ್ರಕಟವಾಯಿತು. ಎಲ್ಲ ಸಾಲುಗಳೂ ಕಾಣುವುದು ಆರನೆಯ ದರ್ಜೆ, ಒತ್ತಡ ಹೊರುವ ಮುಖ್ಯ ಸಾಲೇ ಕ್ಷೀಣಿಸಿದರೆ ಅದು ಒಂದನೆಯ ದರ್ಜೆ. ನೋಡುವವರಿಂದ ನೋಡುವವರಿಗೆ ದರ್ಜೆ ಬದಲಾಗುವುದರಿಂದ ರೋಗನಿರ್ಣಯಕ್ಕೆ ಈಗ ಮೂಳೆಯ ಖನಿಜದ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಬಳಸುತ್ತಾರೆ, ಆದರೆ ಸ್ಪಂಜು ಮೂಳೆಯ ರಚನೆಯನ್ನು ಕಲಿಯುವವರಿಗೆ ಆ ಹಳೆಯ ಸೂಚ್ಯಂಕದ ಚಿತ್ರಗಳೇ ಹೆಚ್ಚು ಉಪಯುಕ್ತ.